ತಾರಸಿ ಸೋಲಾರ್: ಎಷ್ಟು ಕಿಲೋವ್ಯಾಟ್ ಹಾಕಿಸಿದರೆ ದುಡ್ಡು ವಾಪಸ್ ಬರುತ್ತದೆ

ಸೋಲಾರ್ ಕಂಪನಿಯವರನ್ನು ಮನೆಗೆ ಕರೆಸುವ ಮುಂಚೆ ಒಂದು ವರ್ಷದ ಕರೆಂಟ್ ಬಿಲ್‌ಗಳನ್ನು ಹುಡುಕಿ ತೆಗೆಯಿರಿ. ನೋಡಬೇಕಾದದ್ದು ಕಟ್ಟಿದ ರೂಪಾಯಿಯನ್ನಲ್ಲ, ಯೂನಿಟ್‌ಗಳನ್ನು. ಹನ್ನೆರಡು ತಿಂಗಳ ಯೂನಿಟ್ ಕೂಡಿಸಿ 12ರಿಂದ ಭಾಗಿಸಿ. ಸೋಲಾರ್ ಬೇಕೋ ಬೇಡವೋ, ಬೇಕಿದ್ದರೆ ಎಷ್ಟು ದೊಡ್ಡದು ಎಂಬುದೆಲ್ಲ ಈ ಸರಾಸರಿಯ ಮೇಲೇ ನಿಂತಿದೆ.

ಗೃಹಜ್ಯೋತಿಯಲ್ಲಿ ನಿಮಗೆ ಶೂನ್ಯ ಬಿಲ್ ಬರುತ್ತಿದ್ದರೆ ಸದ್ಯಕ್ಕೆ ಸೋಲಾರ್ ಹಾಕಿಸಬೇಡಿ. ಬಿಲ್ಲೇ ಇಲ್ಲದ ಮೇಲೆ ಉಳಿಸುವುದಾದರೂ ಏನನ್ನು? ಯೋಜನೆಗೆ ಅರ್ಹರಾಗಿದ್ದೂ ಬೇಸಿಗೆಯಲ್ಲಿ ಮಾತ್ರ 200 ಯೂನಿಟ್ ದಾಟಿ ಪೂರ್ತಿ ಬಿಲ್ ಕಟ್ಟುವ ಮನೆಯವರು ಮೊದಲು ಫ್ಯಾನ್ ಬದಲಿಸಿ. ಹಳೆಯ ಫ್ಯಾನ್ 75 ವ್ಯಾಟ್ ಎಳೆಯುತ್ತದೆ, ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನ್‌ಗೆ 30 ಸಾಕು. ನಾಲ್ಕು ಫ್ಯಾನ್ ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 65 ಯೂನಿಟ್‌ನಷ್ಟು ಇಳಿಯುತ್ತದೆ. ಲಕ್ಷಾಂತರ ಖರ್ಚಿನ ಮುಂಚೆ ಇದು ಆಗಬೇಕಾದ ಕೆಲಸ.

ತಿಂಗಳಿಗೆ 250–300 ಯೂನಿಟ್‌ಗಿಂತ ಹೆಚ್ಚು ಸುಡುವ, ಪ್ರತಿ ಯೂನಿಟ್‌ಗೂ ದುಡ್ಡು ಕಟ್ಟುವ ಮನೆಗಳಿಗೆ ಮಾತ್ರ ಲೆಕ್ಕ ಚೆನ್ನಾಗಿ ಕೂರುತ್ತದೆ. ಕರ್ನಾಟಕದಲ್ಲಿ 1 ಕಿಲೋವ್ಯಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯೂನಿಟ್ ಕೊಡುತ್ತದೆ. ಫೆಬ್ರುವರಿ, ಮಾರ್ಚ್‌ನಲ್ಲಿ 5ರ ಹತ್ತಿರ ಹೋಗುತ್ತದೆ, ಜುಲೈ ಮೋಡದಲ್ಲಿ 3ಕ್ಕೂ ಇಳಿಯುತ್ತದೆ; ಮಲೆನಾಡು, ಕರಾವಳಿಯಲ್ಲಿ ಮಳೆಗಾಲ ಇನ್ನೂ ಕಳಪೆ. ಕಲಬುರಗಿ, ರಾಯಚೂರಿನಲ್ಲಿ ಬಿಸಿಲು ಜಾಸ್ತಿ ನಿಜ, ಆದರೆ ಪ್ಯಾನೆಲ್‌ನ ಬಿಸಿ 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೂ ಶೇ 0.3–0.4ರಷ್ಟು ಉತ್ಪಾದನೆ ಕುಗ್ಗುತ್ತದೆ. ಆದ್ದರಿಂದ ಅಲ್ಲಿನವರು ದುಪ್ಪಟ್ಟು ನಿರೀಕ್ಷಿಸಬೇಡಿ.

ಈಗ ದುಡ್ಡಿನ ಲೆಕ್ಕ. ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು 78,000 ಸಬ್ಸಿಡಿ. ಅದರಾಚೆ ಎಷ್ಟೇ ದೊಡ್ಡದು ಹಾಕಿಸಿದರೂ 78,000ವೇ. 3 ಕಿಲೋವ್ಯಾಟ್‌ಗೆ 1.95 ಲಕ್ಷ ಎಂದು ಹಿಡಿಯಿರಿ. ಕೈಯಿಂದ ಹೋಗುವುದು 1.17 ಲಕ್ಷ. 2025-26ರಲ್ಲಿ ಗೃಹಬಳಕೆ ದರ ಯೂನಿಟ್‌ಗೆ 5.80, ಪಿಂಚಣಿ ಸರ್‌ಚಾರ್ಜ್ 36 ಪೈಸೆ, ಮೇಲೆ ಶೇ 9 ತೆರಿಗೆ, ಕೂಡಿದರೆ 6.60ರ ಮೇಲಿತ್ತು. ಈ ದರದಲ್ಲಿ ತಿಂಗಳಿಗೆ 300 ಯೂನಿಟ್ ಬಳಸುವ ಮನೆಗೆ ವರ್ಷಕ್ಕೆ ಸುಮಾರು 24,000 ಉಳಿಯುತ್ತದೆ. ಐದು ವರ್ಷದಲ್ಲಿ ಅಸಲು ಕೈಗೆ ಬಂತು. ಪ್ಯಾನೆಲ್ ಬಾಳಿಕೆ 25 ವರ್ಷ. ಪ್ಯಾನೆಲ್‌ನ ಡಿಸಿ ಕರೆಂಟನ್ನು ಮನೆಗೆ ಬೇಕಾದ ಎಸಿಗೆ ತಿರುಗಿಸುವ ಇನ್ವರ್ಟರನ್ನು ನಡುವೆ ಒಮ್ಮೆ ಬದಲಿಸಬೇಕಾಗುತ್ತದೆ, ಅದಕ್ಕೆ ಈಗಲೇ 30–40 ಸಾವಿರ ಎತ್ತಿಡಿ.

ಇದೇ ಮನೆಗೆ "5 ಕಿಲೋವ್ಯಾಟ್ ಹಾಕಿಸಿ, ಮಿಕ್ಕ ಕರೆಂಟ್ ಮಾರಿ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಹೆಚ್ಚಿನ 2 ಕಿಲೋವ್ಯಾಟ್‌ಗೆ ಲಕ್ಷ ರೂಪಾಯಿಗೂ ಮೇಲೆ ಬೀಳುತ್ತದೆ, ಸಬ್ಸಿಡಿ ಇಲ್ಲ. ಸಬ್ಸಿಡಿ ಪಡೆದವರ ಹೆಚ್ಚುವರಿ ಯೂನಿಟ್‌ಗೆ ಎಸ್ಕಾಂ (ಬೆಸ್ಕಾಂ, ಹೆಸ್ಕಾಂನಂಥ ಕರೆಂಟ್ ಕಂಪನಿ) ಕೊಡುವುದು ನೀವು ಕಟ್ಟುವ ದರದ ಅರ್ಧವೂ ಇರುವುದಿಲ್ಲ. ಎರಡೂವರೆ ರೂಪಾಯಿ ಎಂದು ಹಿಡಿದರೂ ತಿಂಗಳಿಗೆ 240 ಯೂನಿಟ್‌ಗೆ 600 ರೂಪಾಯಿ. ಮಂಜೂರಾದ ಲೋಡ್ 3ರಿಂದ 5ಕ್ಕೆ ಏರಿಸಬೇಕಾಗಿ ಬಂದರೆ 2025-26ರ ದರದಲ್ಲಿ ಕಿಲೋವ್ಯಾಟ್‌ಗೆ 145ರಂತೆ ತಿಂಗಳ ನಿಗದಿತ ಶುಲ್ಕವೇ 290 ಹೆಚ್ಚುತ್ತದೆ. ಉಳಿದದ್ದು 310. ಲಕ್ಷ ರೂಪಾಯಿ ವಾಪಸ್ ಬರಲು ಪ್ಯಾನೆಲ್‌ನ ಆಯುಷ್ಯವೇ ಸಾಲದು. ರಾಜ್ಯದ ವಿದ್ಯುತ್ ದರ ಗೊತ್ತುಮಾಡುವ ಆಯೋಗ ಕೆಇಆರ್‌ಸಿ ಹಿಂದೆ, 2013ರಲ್ಲಿ, ಯೂನಿಟ್‌ಗೆ 9.56 ನಿಗದಿ ಮಾಡಿದಾಗ ತಾರಸಿ ತುಂಬ ಹಾಸುವುದು ಜಾಣತನವಾಗಿತ್ತು. ಆ ದರ ಹೊಸಬರಿಗೆ ಈಗಿಲ್ಲ. ನಿಮ್ಮ ಸರಾಸರಿ ಯೂನಿಟ್ಟನ್ನು 120ರಿಂದ (1 ಕಿಲೋವ್ಯಾಟ್ ತಿಂಗಳಿಗೆ ಕೊಡುವ ಯೂನಿಟ್) ಭಾಗಿಸಿ. ಬಂದ ಸಂಖ್ಯೆಯೇ ನಿಮಗೆ ಬೇಕಾದ ಕಿಲೋವ್ಯಾಟ್. ಅರ್ಧ ಕಿಲೋವ್ಯಾಟ್‌ನಷ್ಟು ಹೆಚ್ಚು ಕಡಿಮೆಯಾದರೆ ಅಡ್ಡಿಯಿಲ್ಲ, ಅದಕ್ಕಿಂತ ಮೇಲೆ ಬೇಡ. ಎಲೆಕ್ಟ್ರಿಕ್ ಸ್ಕೂಟರ್, ಎಸಿ ಕೊಳ್ಳುವ ಯೋಚನೆ ಗಟ್ಟಿಯಾಗಿದ್ದರೆ ಮಾತ್ರ ಒಂದು ಕಿಲೋವ್ಯಾಟ್ ಸೇರಿಸಿ. ಅರ್ಜಿಯಲ್ಲಿ ನೆಟ್ ಮೀಟರಿಂಗ್ ಎಂದೇ ಇರಲಿ, ಅಂದರೆ ಬಳಸಿದ್ದರಲ್ಲಿ ಉತ್ಪಾದನೆ ಕಳೆದು ಉಳಿದದ್ದಕ್ಕಷ್ಟೇ ಬಿಲ್. ಗ್ರಾಸ್ ಮೀಟರಿಂಗ್ ಆದರೆ ಉತ್ಪಾದನೆಯೆಲ್ಲ ಅಗ್ಗಕ್ಕೆ ಹೋಗಿ, ಬಳಸುವ ಕರೆಂಟ್ ಪೂರ್ತಿ ದರಕ್ಕೆ ಬರುತ್ತದೆ.

ಇನ್ನೊಂದು ವಿಷಯವನ್ನು ಮಾರುವವರು ಬಾಯಿಬಿಟ್ಟು ಹೇಳುವುದಿಲ್ಲ. ಬ್ಯಾಟರಿ ಇಲ್ಲದ ಗ್ರಿಡ್ ಸೋಲಾರ್, ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮನೆಯ ಕರೆಂಟ್ ಹೊಡೆಯಬಾರದು ಎಂದೇ ಈ ಏರ್ಪಾಡು. ಹಗಲು ಮೂರು ತಾಸು ಕರೆಂಟ್ ತೆಗೆಯುವ ಊರಾದರೆ ಆ ಮೂರು ತಾಸಿನ ಉತ್ಪಾದನೆಯೂ ಹೋಯಿತು.

ತಾರಸಿಯಲ್ಲಿ ಮೊದಲು ನೆರಳು ನೋಡಿ. ಬೆಳಿಗ್ಗೆ 9, ಮಧ್ಯಾಹ್ನ 12, ಸಂಜೆ 4ಕ್ಕೆ ಮೇಲೆ ಹೋಗಿ ನೀರಿನ ಟ್ಯಾಂಕ್, ತೆಂಗಿನಮರ, ಪಕ್ಕದ ಕಟ್ಟಡದ ನೆರಳು ಎಲ್ಲಿ ಬೀಳುತ್ತದೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ ನೆರಳು ಇನ್ನೂ ಉದ್ದ. ಪ್ಯಾನೆಲ್‌ಗಳು ಸಾಲಾಗಿ ಒಂದಕ್ಕೊಂದು ಜೋಡಿಸಿರುತ್ತವೆ. ಒಂದರ ಮೇಲೆ ಬಿದ್ದ ನೆರಳು ಸಾಲಿನ ಉತ್ಪಾದನೆಯನ್ನೇ ಕೆಳಗೆಳೆಯಬಹುದು. 3 ಕಿಲೋವ್ಯಾಟ್‌ಗೆ ನೆರಳಿಲ್ಲದ 250–300 ಚದರಡಿ ಸಾಕು. ಮುಖ ದಕ್ಷಿಣಕ್ಕೆ, ಓರೆ 10ರಿಂದ 15 ಡಿಗ್ರಿ.

ಕೊಟೇಶನ್‌ನಲ್ಲಿ ಹೀಗೆ ಬರೆಸಿ: ಸಬ್ಸಿಡಿಗೆ ಬೇಕಾದ ಡಿಸಿಆರ್, ಅಂದರೆ ದೇಶದಲ್ಲೇ ತಯಾರಾದ ಸೆಲ್‌ಗಳ ಪ್ಯಾನೆಲ್, ತುಕ್ಕು ಹಿಡಿಯದಂತೆ ಸತುವಿನ ಲೇಪ ಕೊಟ್ಟ ಹಾಟ್ ಡಿಪ್ ಜಿಐ ಸ್ಟ್ರಕ್ಚರ್, 4 ಚದರ ಮಿ.ಮೀ. ತಾಮ್ರದ ಸೋಲಾರ್ ಡಿಸಿ ಕೇಬಲ್. ಎಸಿ, ಡಿಸಿ ಎರಡೂ ಬಾಕ್ಸ್‌ಗಳಲ್ಲಿ ವೋಲ್ಟೇಜ್ ಹಠಾತ್ತನೆ ಏರಿದಾಗ ಕಾಯುವ ಸರ್ಜ್ ಪ್ರೊಟೆಕ್ಟರ್. ಮೂರು ಬೇರೆ ಬೇರೆ ಅರ್ತಿಂಗ್ ಗುಂಡಿ: ಮಿಂಚುವಾಹಕಕ್ಕೊಂದು, ಸ್ಟ್ರಕ್ಚರ್ ಮತ್ತು ಡಿಸಿಗೊಂದು, ಎಸಿಗೊಂದು. ಒಂದೇ ಗುಂಡಿಗೆ ಮೂರನ್ನೂ ಕಟ್ಟಿದರೆ ಸಿಡಿಲಿನ ಪೆಟ್ಟು ಇನ್ವರ್ಟರ್‌ಗೇ ನುಗ್ಗಬಹುದು. ಜಿಐ ಕಂಬವನ್ನು ತಾರಸಿಯಲ್ಲೇ ಕೊಯ್ದು ವೆಲ್ಡ್ ಮಾಡಿ ಬೆಳ್ಳಿ ಬಣ್ಣ ಬಳಿದರೆ ಆ ಜಾಗದಲ್ಲೇ ತುಕ್ಕು ಶುರು. ನಟ್ಟು ಬೋಲ್ಟಿನ ಜೋಡಣೆಯೇ ಇರಲಿ. ಪ್ಯಾನೆಲ್‌ಗಳ ಕೇಬಲ್ ಜೋಡಿಸುವ ಎಂಸಿ4 ಕನೆಕ್ಟರ್‌ಗಳ ಗಂಡು ಹೆಣ್ಣು ಎರಡೂ ಒಂದೇ ಕಂಪನಿಯವು ಆಗಿರಬೇಕು, ಅದಕ್ಕೆಂದೇ ಇರುವ ಕ್ರಿಂಪಿಂಗ್ ಟೂಲ್‌ನಲ್ಲಿ ಒತ್ತಬೇಕು. ಕಟಿಂಗ್ ಪ್ಲೇಯರ್‌ನಲ್ಲಿ ಒತ್ತಿದ ಜಾಯಿಂಟ್ ಕಾದು ಕರಗುತ್ತದೆ. ತಾರಸಿಯಲ್ಲಿ ಬೆಂಕಿ ಹುಟ್ಟುವುದು ಹೆಚ್ಚಾಗಿ ಇಂಥಲ್ಲೇ.

ಅರ್ಜಿ ಸೂರ್ಯಘರ್ ಪೋರ್ಟಲ್‌ನಲ್ಲಿ. ಕರೆಂಟ್ ಕನೆಕ್ಷನ್ ತೀರಿಹೋದ ತಂದೆಯ ಹೆಸರಿನಲ್ಲೇ ಇದ್ದರೆ ಮೊದಲು ಹೆಸರು ಬದಲಾವಣೆ ಮಾಡಿಸಿ. ಸಬ್ಸಿಡಿ ತಡೆಯುವುದು ಹೆಚ್ಚಾಗಿ ಹೆಸರು ತಾಳೆಯಾಗದೆ. 10 ಕಿಲೋವ್ಯಾಟ್‌ವರೆಗೆ ತಾಂತ್ರಿಕ ಪರಿಶೀಲನೆಗೆ ಕಾಯಬೇಕಿಲ್ಲ. ನೋಂದಾಯಿತ ವೆಂಡರ್‌ಗೆ ಹಣವನ್ನು ಕಂತಿನಲ್ಲೇ ಕೊಡಿ, ಕೊನೆಯ ಶೇ 15ನ್ನು ಮೀಟರ್ ಕೂತು ಕಮಿಷನಿಂಗ್ ಆಗಿ ಸಿಸ್ಟಮ್ ಚಾಲೂ ಆದ ಮೇಲೆ.

ಒಳಬಂದ, ಹೊರಹೋದ ಕರೆಂಟನ್ನು ಬೇರೆ ಬೇರೆ ಎಣಿಸುವ ದ್ವಿಮುಖ ಮೀಟರ್ ಕೂರುವ ತನಕ ಸಿಸ್ಟಮ್ ಆನ್ ಮಾಡಲು ಬಿಡಬೇಡಿ. ಹಳೆಯ ಎಲೆಕ್ಟ್ರಾನಿಕ್ ಮೀಟರ್‌ಗಳಲ್ಲಿ ಬಹಳಷ್ಟು, ಹೊರಗೆ ಹೋದ ಕರೆಂಟನ್ನೂ ಬಳಸಿದ್ದೆಂದೇ ಎಣಿಸಿ ಬಿಲ್ ಏರಿಸುತ್ತವೆ.

ಆಮೇಲೆ ಮಧ್ಯಾಹ್ನದ ಹೊತ್ತಿಗೆ ಇನ್ವರ್ಟರ್ ಪದೇ ಪದೇ ನಿಂತರೆ ಪರದೆಯಲ್ಲಿ ಓವರ್ ವೋಲ್ಟೇಜ್ ಎಂದಿದೆಯೇ ನೋಡಿ. ಟ್ರಾನ್ಸ್‌ಫಾರ್ಮರ್‌ಗೆ ದೂರದ ಮನೆಗಳಲ್ಲಿ, ತೆಳ್ಳಗಿನ ಎಸಿ ಕೇಬಲ್ ಎಳೆದ ಕಡೆ ಇದು ಸಾಮಾನ್ಯ. ಇನ್ವರ್ಟರ್ ಬಳಿಯೂ ಮೀಟರ್ ಬಳಿಯೂ ವೋಲ್ಟೇಜ್ ಅಳೆಸಿ: ವ್ಯತ್ಯಾಸ ನಾಲ್ಕೈದು ವೋಲ್ಟ್ ಮೀರಿದ್ದರೆ ವೆಂಡರ್ ದಪ್ಪ ಕೇಬಲ್ ಹಾಕಬೇಕು, ಮೀಟರ್ ಬಳಿಯೇ ಹೆಚ್ಚಿದ್ದರೆ ಎಸ್ಕಾಂ ಸೆಕ್ಷನ್ ಆಫೀಸಿಗೆ ಲಿಖಿತ ದೂರು ಕೊಡಿ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ, ಬಿಸಿಲೇರುವ ಮುಂಚೆ ಪ್ಯಾನೆಲ್ ತೊಳೆಯಿರಿ. ಬೋರ್‌ವೆಲ್ ನೀರು ಗಡುಸಾಗಿದ್ದರೆ ಒಣಗುವ ಮೊದಲು ವೈಪರ್‌ನಲ್ಲಿ ಎಳೆದುಬಿಡಿ. ಬಿಳಿ ಕಲೆ ಒಮ್ಮೆ ಕೂತರೆ ಮಳೆಗೂ ಹೋಗುವುದಿಲ್ಲ.