ಸಾಲ್ಜ್‌ಬರ್ಗ್‌ನಿಂದ ಗ್ರಾಡೊವರೆಗೆ: ಆಲ್ಪ್ಸ್ ದಾಟುವ ಸೈಕಲ್ ದಾರಿಗೆ ತಯಾರಿ

ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಿಂದ ಇಟಲಿಯ ಕಡಲ ತೀರದ ಊರು ಗ್ರಾಡೊವರೆಗೆ ಸುಮಾರು 410 ಕಿ.ಮೀ. ಉದ್ದದ ಆಲ್ಪೆ-ಆಡ್ರಿಯಾ ಸೈಕಲ್ ದಾರಿ ಇದೆ. ನದಿಯ ದಂಡೆ, ಹೊಲಗಳ ನಡುವಿನ ಕಿರುರಸ್ತೆ, ಕೈಬಿಟ್ಟ ರೈಲು ಮಾರ್ಗ ಇವನ್ನೆಲ್ಲ ಜೋಡಿಸಿ ಈ ದಾರಿ ಮಾಡಿದ್ದಾರೆ. ಪರ್ವತದ ನೆತ್ತಿಯನ್ನು ಮಾತ್ರ ರೈಲು ಹತ್ತಿ ದಾಟಬೇಕು. ದಾರಿಯ ಬಹುಪಾಲಿನಲ್ಲಿ ಕಾರು, ಲಾರಿಗಳ ಕಾಟವಿಲ್ಲ. ಆದರೆ ಪೂರ್ತಿ ದಾರಿಯೇ ಹಾಗಿದೆ ಎಂದುಕೊಂಡು ಹೊರಟವರಿಗೆ ನಾಲ್ಕೈದು ಕಡೆ ತೊಂದರೆಯಾಗುತ್ತದೆ. ಆ ಜಾಗಗಳು ಯಾವುವು ಎಂದು ಮೊದಲೇ ತಿಳಿದಿದ್ದರೆ ಅರ್ಧ ತಯಾರಿ ಮುಗಿದಂತೆ.

ಉತ್ತರದಿಂದ ದಕ್ಷಿಣಕ್ಕೆ ಹೋಗಿ. ಸಾಲ್ಜ್‌ಬರ್ಗ್ ಸುಮಾರು 425 ಮೀಟರ್ ಎತ್ತರದಲ್ಲಿದೆ, ರೈಲು ಹತ್ತುವ ಬ್ಯೋಕ್‌ಸ್ಟೈನ್ 1,130 ಮೀಟರ್ ಆಸುಪಾಸಿನಲ್ಲಿದೆ. ಈ ಏರು ನೂರು ಕಿಲೋಮೀಟರಿನ ಉದ್ದಕ್ಕೂ ಹಂಚಿಹೋಗಿದೆ. ದಕ್ಷಿಣದಿಂದ ಬಂದರೆ ಓಬರ್‌ಫೆಲಾಖ್‌ನಿಂದ, ಸುರಂಗದ ಆಚೆ ಬದಿಯಲ್ಲಿ ರೈಲು ಹತ್ತುವ ಮಾಲ್‌ನಿಟ್ಸ್‌ಗೆ ಹತ್ತು ಕಿಲೋಮೀಟರಿನೊಳಗೆ 500 ಮೀಟರ್ ಹತ್ತಬೇಕು, ಅದೂ ಕಾರುಗಳು ಓಡಾಡುವ ರಸ್ತೆಯಲ್ಲಿ.

ದಿನಕ್ಕೆ 50–60 ಕಿ.ಮೀ. ಎಂದು ಲೆಕ್ಕ ಹಾಕಿದರೆ ಎಂಟು ದಿನ ಬೇಕು. ರೂಢಿ ಇರುವವರಿಗೆ ಆರು ದಿನ ಸಾಕು. ಮೊದಲ ದಿನ ಸಾಲ್ಜಾಖ್ ನದಿಯ ಜೊತೆಗೆ ಹಾಲೈನ್, ಗೋಲಿಂಗ್ ದಾಟಿ ಬಿಶೋಫ್ಸ್‌ಹೋಫೆನ್ ಸೇರುವುದು. ಗೋಲಿಂಗ್ ಆದ ಮೇಲೆ ಸಿಗುವ ಲುಯೆಗ್ ಕಣಿವೆದಾರಿ (552 ಮೀಟರ್) ಮೊದಲ ಎಚ್ಚರಿಕೆಯ ಜಾಗ. ನದಿ ಇಕ್ಕಟ್ಟಾದ ಕಮರಿಯಲ್ಲಿ ಹರಿಯುವುದರಿಂದ ಅಲ್ಲಿ ಮುಖ್ಯರಸ್ತೆಯನ್ನೇ ಹಿಡಿಯಬೇಕಾಗುತ್ತದೆ. ವಾರಾಂತ್ಯದ ಮಧ್ಯಾಹ್ನ ಮೋಟರ್‌ಬೈಕುಗಳು ಹೆಚ್ಚು, ಬೆಳಿಗ್ಗೆಯೇ ದಾಟಿಬಿಡಿ.

ಎರಡನೆಯ ದಿನ ಗಾಸ್ಟೈನ್ ಕಣಿವೆ. ಬಾಡ್ ಹೋಫ್‌ಗಾಸ್ಟೈನ್‌ವರೆಗೆ ಏರು ಮೆತ್ತಗಿದೆ. ಅಲ್ಲಿಂದ ಬಾಡ್ ಗಾಸ್ಟೈನ್ ಊರು ಜಲಪಾತದ ಇಕ್ಕೆಲದ ಕಡಿದಾದ ಗುಡ್ಡಕ್ಕೆ ಅಂಟಿಕೊಂಡಿದೆ, ಊರೊಳಗಿನ ಕೆಲವು ತುಣುಕುಗಳಲ್ಲಿ ಸೈಕಲ್ ತಳ್ಳಿಕೊಂಡು ಹೋಗುವುದೇ ಮೇಲು. ಮಂಡಿಯ ಮೇಲೆ ಜೋರು ಹಾಕಿ ತುಳಿದರೆ ಮುಂದಿನ ದಿನಗಳೆಲ್ಲ ಕೆಡುತ್ತವೆ.

ಬ್ಯೋಕ್‌ಸ್ಟೈನ್‌ನಲ್ಲಿ ಕಾರುಗಳನ್ನೂ ಸಾಗಿಸುವ ರೈಲು ಇದೆ. 1909ರಲ್ಲಿ ತೆರೆದ, ಎಂಟು ಕಿಲೋಮೀಟರಿಗೂ ಉದ್ದದ ಟಾವರ್ನ್ ಸುರಂಗವನ್ನು ಅದು ಹತ್ತು-ಹನ್ನೆರಡು ನಿಮಿಷದಲ್ಲಿ ದಾಟಿಸುತ್ತದೆ. ಸುರಂಗದ ದುರಸ್ತಿಗಾಗಿ ಇದನ್ನು ತಿಂಗಳುಗಟ್ಟಲೆ ಮುಚ್ಚಿದ್ದೂ ಉಂಟು. ಹಾಗಾಗಿ ವಿಮಾನದ ಟಿಕೆಟ್ ತೆಗೆಯುವ ಮುನ್ನವೇ ರೈಲಿನ ವೇಳಾಪಟ್ಟಿ ನೋಡಿ. ಇದಕ್ಕೆ ಬದಲಿಯಾಗಿ ಹತ್ತಿರದಲ್ಲಿ ಸುಲಭದ ರಸ್ತೆ ಇಲ್ಲ.

ಮಾಲ್‌ನಿಟ್ಸ್‌ನಿಂದ ಇಳಿಯುವಾಗ ಬ್ರೇಕಿನ ಪರೀಕ್ಷೆ. ಸಾಮಾನು ಹೇರಿದ ಸೈಕಲ್ಲಿನಲ್ಲಿ ಇಳಿಜಾರಿನುದ್ದಕ್ಕೂ ಬ್ರೇಕನ್ನು ಹಗುರಾಗಿ ಹಿಡಿದೇ ಇದ್ದರೆ ಬಿಸಿ ಆರಲು ಸಮಯವೇ ಸಿಗುವುದಿಲ್ಲ. ಚಕ್ರದ ಅಂಚನ್ನೇ ಹಿಡಿಯುವ ರಿಮ್ ಬ್ರೇಕ್ ಆದರೆ ರಿಮ್ ಕಾದು ಟ್ಯೂಬು ಒಡೆಯಬಹುದು, ಡಿಸ್ಕ್ ಆದರೆ ಪ್ಯಾಡಿನ ಮೇಲ್ಮೈ ಸುಟ್ಟು ಹಿಡಿತ ತಪ್ಪುತ್ತದೆ. ತಿರುವಿಗೆ ಮೊದಲು ಎರಡೂ ಬ್ರೇಕನ್ನು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಆಮೇಲೆ ಪೂರ್ತಿ ಬಿಡಿ. ಬೆರಳು ಸೋತರೆ ನಿಂತು ಐದು ನಿಮಿಷ ಆರಲು ಬಿಡಿ, ಬಿಸಿ ಡಿಸ್ಕನ್ನು ಮುಟ್ಟಬೇಡಿ. ಪ್ಯಾಡಿನ ಉಜ್ಜುವ ಪದರ 1 ಮಿ.ಮೀ.ಗಿಂತ ತೆಳುವಾಗಿದ್ದರೆ ಹೊರಡುವ ಮುನ್ನವೇ ಬದಲಿಸಿ, ಹೆಚ್ಚಿಗೆ ಒಂದು ಜೊತೆ ಪ್ಯಾಡನ್ನೂ ಇಟ್ಟುಕೊಳ್ಳಿ.

ಶ್ಪಿಟ್ಟಾಲ್‌ನಿಂದ ಫಿಲಾಖ್‌ವರೆಗೆ ಡ್ರಾವ್ ನದಿಯ ದಂಡೆ. ಇಡೀ ದಾರಿಯಲ್ಲಿ ಅತಿ ಸುಲಭದ ಭಾಗ ಇದೇ, ಹೆಚ್ಚು ಹೇಳುವಂಥದ್ದಿಲ್ಲ. ಆಸ್ಟ್ರಿಯಾದ ದಕ್ಷಿಣದ ಪ್ರಾಂತ್ಯವಾದ ಈ ಕಾರಿಂಥಿಯಾದಲ್ಲಿ ಆಲ್ಪೆ-ಆಡ್ರಿಯಾದ ಫಲಕಗಳಲ್ಲಿ ಆರ್8, ಡ್ರಾವ್ ದಾರಿಗೆ ಆರ್1 ಎಂದಿರುತ್ತದೆ. ಎರಡೂ ಕೂಡಿ ಹೋಗುವಲ್ಲಿ ಗೊಂದಲವಿಲ್ಲ, ಫಿಲಾಖ್‌ನಲ್ಲಿ ಬೇರೆಯಾಗುವಾಗ ಮಾತ್ರ ಆರ್8 ಹಿಡಿಯಲು ಮರೆಯಬೇಡಿ. ಇಟಲಿಯೊಳಗೆ ಅದೇ ದಾರಿಗೆ ಎಫ್‌ವಿಜಿ1 ಎಂಬ ಫಲಕ.

ಈ ದಾರಿಯ ಜೀವಾಳ ಟಾರ್ವಿಸಿಯೊದಿಂದ ಮೋಜ್ಜೊ ಕಡೆಗೆ ಇಳಿಯುವ, ಸುಮಾರು 50 ಕಿ.ಮೀ. ಹಳೆಯ ರೈಲು ಮಾರ್ಗ. ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ ಪೊಂಟೆಬ್ಬಾನಾ ಮಾರ್ಗ ಇದು. ಬೆಟ್ಟದೊಳಗಿನ ಉದ್ದುದ್ದ ಸುರಂಗಗಳಲ್ಲಿ ಹೊಸ ಹಳಿ ಬಂದ ಮೇಲೆ 2000ರ ಹೊತ್ತಿಗೆ ಹಳೆಯದನ್ನು ಪೂರ್ತಿ ಕೈಬಿಟ್ಟರು. ರೈಲು ಮಾರ್ಗದಲ್ಲಿ ಸೈಕಲ್ ಏಕೆ ಹಗುರಾಗಿ ಓಡುತ್ತದೆ ಎಂದರೆ, ಕಬ್ಬಿಣದ ಚಕ್ರ ಕಡಿದಾದ ಏರನ್ನು ಹತ್ತಲಾರದು. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ಹಳಿಯೂ 50ಕ್ಕೆ 1, ಅಂದರೆ ಶೇ. 2ರ ಏರಿನದು, ಅದನ್ನೇ ಕಡಿದು ಎನ್ನುತ್ತಾರೆ. ಗುಡ್ಡದ ರಸ್ತೆಗಳಲ್ಲಿ ಶೇ. 8–10 ಮಾಮೂಲು. ಹಾಗಾಗಿ ಇಲ್ಲಿ ಫೆಲ್ಲಾ ನದಿಯನ್ನು ಕಬ್ಬಿಣದ ಸೇತುವೆಗಳ ಮೇಲೆ ಮತ್ತೆ ಮತ್ತೆ ದಾಟುತ್ತಾ, ಸುರಂಗಗಳ ಒಳಗೆ ನುಗ್ಗುತ್ತಾ, ಹೆಚ್ಚು ತುಳಿಯದೆ ಇಳಿಯಬಹುದು. ಕಿಯುಸಾಫೋರ್ತೆಯ ಹಳೆಯ ನಿಲ್ದಾಣದಲ್ಲಿ ಕಾಫಿ, ತಿಂಡಿ ಸಿಗುತ್ತದೆ.

ಸುರಂಗಗಳಲ್ಲಿ ದೀಪಗಳಿವೆ, ಆದರೆ ಅವು ಚಲನೆ ಗುರುತಿಸಿ ಹೊತ್ತಿಕೊಳ್ಳುವಂಥವು. ನೀವು ಒಳಗೆ ಹೋದ ಮೇಲೆಯೇ ಬೆಳಕು ಬರುತ್ತದೆ, ಕೆಲವೊಮ್ಮೆ ಬರುವುದೂ ಇಲ್ಲ. ತಂಪು ಕನ್ನಡಕವನ್ನು ಸುರಂಗದ ಬಾಯಿಗೆ ಮೊದಲೇ ತೆಗೆದು, ಮುಂದಿನ ಹಿಂದಿನ ಎರಡೂ ದೀಪ ಹಚ್ಚಿ ಒಳಹೋಗಿ. ಇಟಲಿಯ ಕಾನೂನಿನಂತೆ ಸುರಂಗದೊಳಗೆ, ಹಾಗೂ ಊರಾಚೆ ಕತ್ತಲಾದ ಮೇಲೆ, ಬೆಳಕಿಗೆ ಹೊಳೆಯುವ ಮೇಲಂಗಿ ಹಾಕಲೇಬೇಕು. ಬೇಸಿಗೆಯಲ್ಲೂ ಒಳಗೆ ಚಳಿ, ನೆಲ ಒದ್ದೆ. ಗುಡ್ಡ ಕುಸಿದು ದಾರಿ ಮುಚ್ಚುವುದೂ ಇದೆ. ಅಡ್ಡಗಟ್ಟೆ ಕಂಡರೆ ಅದರ ಪಕ್ಕದಿಂದ ನುಸುಳಬೇಡಿ, ಬದಲಿ ದಾರಿಯ ಫಲಕ ಹುಡುಕಿ.

ಮೋಜ್ಜೊ ಆದ ಮೇಲೆ ವೆನ್ಜೋನೆವರೆಗೆ ಕೆಲವು ಕಡೆ ಗಾಡಿಗಳಿರುವ ಹೆದ್ದಾರಿಯ ಪಕ್ಕದಲ್ಲೇ ಸಾಗಬೇಕಾಗಬಹುದು. ಇದು ಎಚ್ಚರಿಕೆಯ ಇನ್ನೊಂದು ಜಾಗ, ಸಾಲಾಗಿ ಹೋಗಿ. ಬಲಗಡೆಯ ಸಂಚಾರ ಎಂಬುದು ಸೈಕಲ್ ದಾರಿಯಲ್ಲಿ ಮರೆತುಹೋಗಿರುತ್ತದೆ, ಭಾರತದಿಂದ ಬಂದವರು ರಸ್ತೆಗೆ ಇಳಿಯುವ ಪ್ರತಿ ಸಲವೂ ನೆನಪಿಸಿಕೊಳ್ಳಬೇಕು. 1976ರ ಭೂಕಂಪದಲ್ಲಿ ನೆಲಸಮವಾದ ವೆನ್ಜೋನೆಯನ್ನು ಬಿದ್ದ ಕಲ್ಲುಗಳನ್ನೇ ಆಯ್ದು ಮತ್ತೆ ಕಟ್ಟಿದ್ದಾರೆ. ರಾತ್ರಿ ತಂಗಲು ಇದಕ್ಕಿಂತ ಒಳ್ಳೆಯ ಊರು ಈ ದಾರಿಯಲ್ಲಿಲ್ಲ. ಮುಂದೆ ಉದಿನೆ, ನಕ್ಷತ್ರದಾಕಾರದ ಕೋಟೆಯೂರು ಪಾಲ್ಮನೋವಾ, ರೋಮನ್ನರ ಕಾಲದ ಆಕ್ವಿಲೆಯಾ, ಎಲ್ಲವೂ ಸಪಾಟು ನೆಲ. ಕೊನೆಗೆ ಉಪ್ಪುನೀರಿನ ಹಿನ್ನೀರಿನ ನಡುವಿನ ಸುಮಾರು 5 ಕಿ.ಮೀ. ಏರಿಯ ಮೇಲಿನ ರಸ್ತೆ ದಾಟಿದರೆ ಗ್ರಾಡೊ. ಇಲ್ಲಿ ಈಶಾನ್ಯದ ಬೋರಾ ಗಾಳಿ ಬೀಸಿದರೆ ಸೈಕಲ್ಲು ಅಡ್ಡಕ್ಕೆ ತಳ್ಳಿಸಿಕೊಳ್ಳುತ್ತದೆ, ಅಂಥ ದಿನ ಆಕ್ವಿಲೆಯಾದಲ್ಲೇ ಉಳಿಯಿರಿ.

ಸೈಕಲ್ಲಿನ ವಿಷಯ. ದಾರಿ ಬಹುತೇಕ ಡಾಂಬರು, ಅಲ್ಲಲ್ಲಿ ಜಲ್ಲಿ. 35–40 ಮಿ.ಮೀ. ಅಗಲದ ಟೈರು ಸರಿ. ಗೇರಿನಲ್ಲಿ ಜಿಪುಣತನ ಬೇಡ: ಮುಂದಿನ ಸಣ್ಣ ಹಲ್ಲುಚಕ್ರ 30, ಹಿಂದಿನ ದೊಡ್ಡದು 36 ಹಲ್ಲಿನದಾದರೆ ಪೆಡಲು ಒಂದು ಸುತ್ತು ತಿರುಗಿದಾಗ ಸೈಕಲ್ಲು ಸುಮಾರು 1.8 ಮೀಟರ್ ಸಾಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 6.5 ಕಿ.ಮೀ., ಕಡಿದಾದ ಏರಿನಲ್ಲಿ ಮಂಡಿ ಉಳಿಸುವ ವೇಗ ಅದು. ರೇಸ್ ಸೈಕಲ್ಲಿನ 34ಕ್ಕೆ 28 ಗೇರಿನಲ್ಲಿ ಅದೇ ಲಯಕ್ಕೆ 9.5 ಕಿ.ಮೀ. ಆಗುತ್ತದೆ, ಸಾಮಾನಿನ ಜೊತೆ ಅದು ಆಗದ ಮಾತು.

ಸಾಮಾನು 12 ಕಿಲೋ ಮೀರದಿರಲಿ. ಭಾರವೆಲ್ಲ ಹಿಂದಿನ ಚಕ್ರಕ್ಕೆ ಬಿದ್ದಾಗ ಮೊದಲು ಮುರಿಯುವುದು ಚೈನಿರುವ ಬದಿಯ ಕಡ್ಡಿ (ಸ್ಪೋಕ್), ಏಕೆಂದರೆ ಆ ಬದಿಯಲ್ಲಿ ಬಿಗಿತ ಹೆಚ್ಚು. ಅದೇ ಅಳತೆಯ ಎರಡು ಕಡ್ಡಿಗಳನ್ನು ಫ್ರೇಮಿಗೆ ಟೇಪು ಸುತ್ತಿ ಇಟ್ಟುಕೊಳ್ಳಿ. ಎರಡು ಟ್ಯೂಬು, ಪ್ಯಾಚ್, ಚೈನಿನ ಜೋಡಣೆ ಕೊಂಡಿ ಬೇಕೇ ಬೇಕು. ಹಿಂದಿನ ಗೇರು ಬದಲಿಸುವ ಡಿರೇಲರ್ ಅನ್ನು ಫ್ರೇಮಿಗೆ ಹಿಡಿದಿರುವ ಹ್ಯಾಂಗರ್ ಒಂದು ಹೆಚ್ಚಿಗೆ ಇರಲಿ. ಅದು ಒಂದೊಂದು ಫ್ರೇಮಿಗೂ ಬೇರೆ, ಅಂಗಡಿಯಲ್ಲಿ ಸಿಗುವ ಭರವಸೆಯಿಲ್ಲ, ರೈಲಿನಲ್ಲಿ ಸೈಕಲ್ಲುಗಳನ್ನು ಒಂದಕ್ಕೊಂದು ಒರಗಿಸಿದಾಗ ಬಾಗುವುದು ಅದೇ. ಚೈನಿರುವ ಬದಿ ಹೊರಮುಖವಾಗುವಂತೆ ನಿಲ್ಲಿಸಿ.

ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಹೊರಡಬಹುದು. ಜುಲೈ, ಆಗಸ್ಟಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಮಾಮೂಲು, ಬೆಳಿಗ್ಗೆ ಏಳಕ್ಕೆ ಹೊರಟು ಎರಡರೊಳಗೆ ಊರು ಸೇರುವಂತೆ ನೋಡಿಕೊಳ್ಳಿ. ಆಸ್ಟ್ರಿಯಾದಲ್ಲಿ ಭಾನುವಾರ ದಿನಸಿ ಅಂಗಡಿಗಳು ಮುಚ್ಚಿರುತ್ತವೆ, ಇಟಲಿಯ ಸಣ್ಣ ಊರುಗಳಲ್ಲಿ ಮಧ್ಯಾಹ್ನ ಎರಡು-ಮೂರು ತಾಸು ಬಾಗಿಲು ಹಾಕುತ್ತಾರೆ. ತುರ್ತು ಸಂಖ್ಯೆ ಎರಡೂ ದೇಶಗಳಲ್ಲಿ 112.

ಗ್ರಾಡೊದಲ್ಲಿ ರೈಲು ನಿಲ್ದಾಣವಿಲ್ಲ. ಬಂದ ದಾರಿಯಲ್ಲೇ ಸುಮಾರು 18 ಕಿ.ಮೀ. ಹಿಂದಕ್ಕೆ ಚೆರ್ವಿನ್ಯಾನೊಗೆ ಹೋಗಿ, ಅಲ್ಲಿಂದ ಉದಿನೆ, ಉದಿನೆಯಿಂದ ಫಿಲಾಖ್ ರೈಲು ಹಿಡಿಯಬೇಕು. ಪ್ರಾದೇಶಿಕ ರೈಲುಗಳಲ್ಲಿ ಸೈಕಲ್ಲಿಗೆ ಬೇರೆ ಟಿಕೆಟ್ ಕೊಳ್ಳಬೇಕು, ಜಾಗವೂ ಕಡಿಮೆ, ಶನಿವಾರ, ಭಾನುವಾರಗಳಲ್ಲಿ ಬೇಗ ತುಂಬುತ್ತದೆ. ಫಿಲಾಖ್‌ನಿಂದ ಸಾಲ್ಜ್‌ಬರ್ಗ್‌ಗೆ ಹೋಗುವ ದೂರದ ರೈಲಿನಲ್ಲಿ ಸೈಕಲ್ಲಿಗೆ ಮುಂಗಡ ಕಾಯ್ದಿರಿಸುವುದು ಕಡ್ಡಾಯ. ವಾಪಸು ಹೋಗುವ ದಿನವನ್ನು ವಾರದ ನಡುವೆ ಇಟ್ಟುಕೊಂಡು, ಆ ಟಿಕೆಟನ್ನು ಸಾಲ್ಜ್‌ಬರ್ಗ್‌ನಿಂದ ಹೊರಡುವ ಮುನ್ನವೇ ತೆಗೆದಿಡಿ.