ಮೂವತ್ತು ಸಾವಿರ ಅಡಿಯಲ್ಲಿ ಪೊಲೀಸರಿಲ್ಲ

ವಿಮಾನದೊಳಗಿನ ಗಲಾಟೆಯನ್ನು ನಿಭಾಯಿಸುವ ಕೆಲಸ ಬಾಗಿಲು ಮುಚ್ಚುವುದಕ್ಕೂ ಮೊದಲೇ ಶುರುವಾಗುತ್ತದೆ. ನಾವು, ವಿಮಾನದ ಕ್ಯಾಬಿನ್ ಸಿಬ್ಬಂದಿ, ಬಾಗಿಲಲ್ಲಿ ನಿಂತು ಕೈಮುಗಿಯುವುದು ಬರಿಯ ಉಪಚಾರವೆಂದು ಬಹುತೇಕರು ತಿಳಿದಿದ್ದಾರೆ. ಆದರೆ ಒಬ್ಬೊಬ್ಬರ ನಡಿಗೆ, ಉಸಿರಿನ ವಾಸನೆ, ಉತ್ತರ ಕೊಡುವ ಧಾಟಿ, ಕೈಯಲ್ಲಿರುವ ಡ್ಯೂಟಿ ಫ್ರೀ ಚೀಲ ಇವನ್ನೆಲ್ಲ ಗಮನಿಸಲು ನಮಗೆ ಸಿಗುವುದು ಆ ಒಂದೆರಡು ಕ್ಷಣಗಳೇ. ಅನುಮಾನ ಬಂದರೆ ಸೀಟಿನ ಸಂಖ್ಯೆಯನ್ನು ಸಹೋದ್ಯೋಗಿಗಳಿಗೆ ತಿಳಿಸುತ್ತೇನೆ, ತೀರಾ ಅಮಲೇರಿದ್ದರೆ ಕ್ಯಾಪ್ಟನ್‌ಗೆ ಹೇಳುತ್ತೇನೆ. ನೆಲದ ಮೇಲೆ ಒಬ್ಬನನ್ನು ಇಳಿಸಿದರೆ ಆಗುವುದು ಸ್ವಲ್ಪ ವಿಳಂಬ. ಅದೇ ಮನುಷ್ಯನನ್ನು ಆಕಾಶದಲ್ಲಿ ಎಲ್ಲಿಗೂ ಕಳಿಸಲಾಗದು.

ಮಂಗಳೂರು ಮತ್ತು ಕೊಲ್ಲಿ ದೇಶಗಳ ನಡುವಿನ ವಿಮಾನಗಳಲ್ಲಿ ಹೆಚ್ಚು ಕಾಲ ಕೆಲಸ ಮಾಡಿದವಳಾದ್ದರಿಂದ ಒಂದು ಮಾತನ್ನು ಖಚಿತವಾಗಿ ಹೇಳಬಲ್ಲೆ: ಗಲಾಟೆಯಂತೆ ಕಾಣುವುದರಲ್ಲಿ ಅರ್ಧಕ್ಕರ್ಧ ಗಲಾಟೆಯೇ ಅಲ್ಲ. ಮೊದಲ ಸಲ ವಿಮಾನ ಹತ್ತಿದವನು ಶೌಚಾಲಯವೆಂದು ಭಾವಿಸಿ ತುರ್ತು ಬಾಗಿಲಿನ ಹಿಡಿಕೆಗೆ ಕೈ ಹಾಕುತ್ತಾನೆ. ಊರಿನಲ್ಲಿ ತಾಯಿ ತೀರಿಕೊಂಡ ಸುದ್ದಿ ಕೇಳಿ ಹೊರಟವನು ಬೆಲ್ಟ್ ಹಾಕಿಕೊಳ್ಳಿ ಎಂದರೆ ಸಿಡುಕುತ್ತಾನೆ. ಇಂಥವರ ಮುಂದೆ ನಿಯಮ ಒಪ್ಪಿಸಿದರೆ ಇಲ್ಲದ ಜಗಳವನ್ನು ನಾವೇ ಹುಟ್ಟಿಸಿದಂತಾಗುತ್ತದೆ. ಅವರ ಭಾಷೆಯಲ್ಲಿ, ಕನ್ನಡವೋ ತುಳುವೋ ಬ್ಯಾರಿಯೋ, ಎರಡು ಮಾತಾಡಿ ಒಂದು ಲೋಟ ನೀರು ಕೊಟ್ಟರೆ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಕುಡಿತದ ವಿಷಯ ಹಾಗಲ್ಲ. ಭಾರತದ ದೇಶೀಯ ವಿಮಾನಗಳಲ್ಲಿ ಮದ್ಯ ಕೊಡುವುದಿಲ್ಲವಾದರೂ ಹತ್ತುವ ಮೊದಲೇ ಕುಡಿದು ಬರುವವರಿದ್ದಾರೆ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಕೆಲವರು ತಾವು ಕೊಂಡ ಬಾಟಲಿಯನ್ನೇ ಕದ್ದು ತೆರೆಯುತ್ತಾರೆ. ಕ್ಯಾಬಿನ್‌ನ ಒಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದಲ್ಲಿರುವಷ್ಟೇ ಇರುತ್ತದೆ, ಅಂದರೆ ಹೆಚ್ಚುಕಡಿಮೆ ಮುಳ್ಳಯ್ಯನಗಿರಿಯ ತುದಿ ಅಥವಾ ಅದಕ್ಕೂ ಮೇಲೆ. ನಿದ್ದೆಗೆಟ್ಟು, ಹಸಿದು ಬಂದವನು ಅಲ್ಲಿ ಕುಡಿದರೆ ಅವನ ಲೆಕ್ಕ ಅವನಿಗೇ ತಪ್ಪುತ್ತದೆ.

ಒಂದು ರಾತ್ರಿ ಕೊಲ್ಲಿಯಿಂದ ಮಂಗಳೂರಿಗೆ ಬರುತ್ತಿದ್ದಾಗ ನಡೆದದ್ದು ಇದೇ. ಊಟದ ಟ್ರಾಲಿ ಹಿಂದಿನ ಸಾಲುಗಳನ್ನು ತಲುಪುವಷ್ಟರಲ್ಲಿ ನಡುವಯಸ್ಸಿನ ಒಬ್ಬರು ಪಕ್ಕದವನ ಮೊಣಕೈ ತಾಗಿತೆಂದು ಕೂಗಾಡತೊಡಗಿದ್ದರು, ಸಮಾಧಾನಪಡಿಸಲು ಹೋದ ನಮ್ಮ ಕಿರಿಯ ಹುಡುಗಿಯ ತೋಳು ಹಿಡಿದು ಎಳೆದಿದ್ದರು. ನಾನು ಮೊದಲು ಮಾಡಿದ್ದು ಅವಳನ್ನು ಅಲ್ಲಿಂದ ಮುಂದಿನ ಗ್ಯಾಲಿಗೆ, ಅಂದರೆ ಊಟ ಸಿದ್ಧಪಡಿಸುವ ಜಾಗಕ್ಕೆ, ಕಳಿಸಿದ್ದು; ಮುಟ್ಟಿಸಿಕೊಂಡವಳೇ ಮತ್ತೆ ಅವರೊಂದಿಗೆ ಮಾತಾಡಬೇಕಾದ ಪರಿಸ್ಥಿತಿ ಬರಬಾರದೆಂಬುದರಲ್ಲಿ ನಾನು ರಾಜಿಯಾಗುವುದಿಲ್ಲ. ಅನಂತರ ಎಬ್ಬಿಸಿದ್ದು ಅವರನ್ನಲ್ಲ, ಪಕ್ಕದಲ್ಲಿದ್ದ ಯುವಕನನ್ನು. ಇದು ಅನ್ಯಾಯವೆಂದು ಆ ಯುವಕನಿಗೆ ಅನಿಸಿದ್ದು ಸಹಜವೇ, ಆದರೆ ಸಿಟ್ಟಿನಲ್ಲಿರುವವನನ್ನು ಎಬ್ಬಿಸಿ ಕಿರಿದಾದ ನಡುದಾರಿಯಲ್ಲಿ ನಡೆಸಿಕೊಂಡು ಹೋದರೆ ಅವನ ಕೈಗೆ ಇನ್ನಷ್ಟು ಜನ ಸಿಗುತ್ತಾರೆ. ಅವರದು ಕಿಟಕಿಯ ಪಕ್ಕದ ಸೀಟು. ಅದೂ ನಮಗೆ ಅನುಕೂಲವೇ ಆಯಿತು.

ಮಾತಾಡಲು ನಾನು ಒಬ್ಬಳೇ ಹೋದೆ, ಆದರೆ ಒಬ್ಬಂಟಿಯಾಗಿ ಅಲ್ಲ: ಸಹೋದ್ಯೋಗಿಯೊಬ್ಬ ಎರಡು ಸಾಲು ಹಿಂದೆ, ಅವರ ಕಣ್ಣಿಗೆ ಬೀಳುವಂತೆ ನಿಂತಿದ್ದ. ಇಬ್ಬರು ಏಕಕಾಲದಲ್ಲಿ ಮಾತಾಡಿದರೆ ಕುಡಿದವನು ಇಬ್ಬರಲ್ಲಿ ಯಾರಿಗೂ ಕಿವಿಗೊಡುವುದಿಲ್ಲ. ಕೈಗೆ ಸಿಗದಷ್ಟು ದೂರದಲ್ಲಿ, ಅವರ ಕಣ್ಣಿನ ಮಟ್ಟಕ್ಕೆ ಬಾಗಿ, ದನಿ ತಗ್ಗಿಸಿ, "ಸರ್, ಆ ಬಾಟಲಿ ನನ್ನ ಕೈಗೆ ಕೊಡಿ, ಇಳಿಯುವಾಗ ಸಿಗುತ್ತದೆ. ಈಗ ಊಟ ಮಾಡಿ" ಎಂದೆ. ಒಂದು ಸಲಕ್ಕೆ ಒಂದೇ ಬೇಡಿಕೆ, ಒಪ್ಪಿಕೊಳ್ಳಲು ಅವರಿಗೊಂದು ಗೌರವದ ದಾರಿ. ಸುತ್ತಲಿನವರು ಮೊಬೈಲ್ ಎತ್ತಿ ಚಿತ್ರೀಕರಿಸತೊಡಗಿದಾಗ ಮಾತ್ರ ನನ್ನ ಅರ್ಧ ಕೆಲಸ ಹಾಳಾಯಿತು. ನೋಡುವವರಿದ್ದಾರೆಂದು ತಿಳಿದೊಡನೆ ಸೋಲೊಪ್ಪಿಕೊಳ್ಳುವುದು ಯಾರಿಗೂ ಕಷ್ಟವೇ. ಬಾಟಲಿ ಕೊಟ್ಟರು, ಆದರೆ ಬೈಗುಳ ನಿಲ್ಲಲಿಲ್ಲ.

ಆಗ ಕ್ಯಾಪ್ಟನ್‌ಗೆ ಇಂಟರ್‌ಫೋನ್‌ನಲ್ಲಿ ತಿಳಿಸಿದೆ. ಕಾಕ್‌ಪಿಟ್‌ನ ಬಾಗಿಲು ಬೀಗ ಹಾಕಿರುತ್ತದೆ, ಜಗಳ ಬಿಡಿಸಲು ಪೈಲಟ್ ಹೊರಬರುವುದಿಲ್ಲ. ಅವರಿಗೆ ಕಾಣುವುದು ನಮ್ಮ ಮಾತಿನಲ್ಲಿ ಕಂಡಷ್ಟೇ. ಹಾಗಾಗಿ "ತುಂಬಾ ಗಲಾಟೆ ಮಾಡುತ್ತಿದ್ದಾರೆ" ಎನ್ನುವುದು ನಿಷ್ಪ್ರಯೋಜಕ ವರದಿ. ಯಾವ ಸೀಟು, ಏನು ಮಾಡಿದರು, ಯಾರಿಗಾದರೂ ಪೆಟ್ಟಾಗಿದೆಯೇ, ಈಗ ಹತೋಟಿಯಲ್ಲಿದ್ದಾರೆಯೇ, ಇಳಿದಾಗ ಭದ್ರತಾ ಸಿಬ್ಬಂದಿ ಬೇಕೇ, ಇಷ್ಟನ್ನು ಅರ್ಧ ನಿಮಿಷದಲ್ಲಿ ಹೇಳಬೇಕು. ಕ್ಯಾಪ್ಟನ್ ಸೂಚನೆಯಂತೆ ಲಿಖಿತ ಎಚ್ಚರಿಕೆಯನ್ನು ಅವರ ಕೈಗಿತ್ತೆ. ಪ್ಲಾಸ್ಟಿಕ್ ಕೈಕೋಳಗಳಿದ್ದ ಕಿಟ್ಟನ್ನು ಗ್ಯಾಲಿಗೆ ತಂದಿಟ್ಟುಕೊಂಡೆವು, ಹತ್ತಿರದ ಸಾಲಿನ ಇಬ್ಬರು ಗಟ್ಟಿಮುಟ್ಟಾದ ಪ್ರಯಾಣಿಕರನ್ನು ಬೇಕಾದರೆ ನೆರವಾಗುವಿರಾ ಎಂದು ಮೆಲ್ಲನೆ ಕೇಳಿಟ್ಟೆವು. ಬಳಸಬೇಕಾಗಿ ಬರಲಿಲ್ಲ. ಕೈಕೋಳ ತೊಡಿಸಿದವನನ್ನು ಅನಂತರ ಇಳಿಯುವವರೆಗೂ ನೋಡಿಕೊಳ್ಳುವ ಹೊಣೆ ನಮ್ಮದೇ; ತುರ್ತು ನಿರ್ಗಮನ ಬಂದರೆ ಅದನ್ನು ಕತ್ತರಿಸಿ ಬಿಡಿಸುವವರೂ ನಾವೇ. ಅದಕ್ಕಾಗಿಯೇ ಅದು ಕಟ್ಟಕಡೆಯ ಉಪಾಯ.

ನಾನು ಸ್ವಲ್ಪವೂ ಸಡಿಲ ಬಿಡದ ವಿಷಯವೆಂದರೆ ಶೌಚಾಲಯದಲ್ಲಿ ಸಿಗರೇಟು ಸೇದುವುದು. 1973ರಲ್ಲಿ ಪ್ಯಾರಿಸ್ ಸಮೀಪ ಬ್ರೆಜಿಲ್‌ನ ವಿಮಾನವೊಂದರ ಹಿಂಭಾಗದ ಶೌಚಾಲಯದಲ್ಲಿ ಹುಟ್ಟಿದ ಬೆಂಕಿಯ ಹೊಗೆಗೆ 123 ಜನ ಬಲಿಯಾದರು. ಅಲ್ಲಿ ವಿನಯಕ್ಕಿಂತ ಮೊದಲು ಕಸದ ಡಬ್ಬಿಯನ್ನು ಪರೀಕ್ಷಿಸುತ್ತೇನೆ, ಮಾತು ಆಮೇಲೆ.

ಆ ರಾತ್ರಿ ಮಂಗಳೂರಿನಲ್ಲಿ ಎಲ್ಲರನ್ನೂ ಕುಳಿತಲ್ಲೇ ಇರಿಸಿ, ಕುಡಿದು ಕೂಗಾಡಿದ ಆ ವ್ಯಕ್ತಿಯನ್ನು ಭದ್ರತಾ ಸಿಬ್ಬಂದಿ ಕರೆದೊಯ್ದರು. ನಿಜವಾದ ಕೆಲಸ ಅನಂತರದ್ದು: ವರದಿ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ 2017ರ ನಿಯಮಗಳು ದುರ್ವರ್ತನೆಯನ್ನು ಮೂರು ಹಂತಗಳಲ್ಲಿ ವಿಂಗಡಿಸಿದ್ದವು. ಬೈಗುಳ, ಅಮಲಿನ ಅಸಭ್ಯತೆಗೆ ಮೂರು ತಿಂಗಳವರೆಗಿನ ನಿಷೇಧ. ತಳ್ಳುವುದು, ಹೊಡೆಯುವುದು, ಅನುಚಿತವಾಗಿ ಮುಟ್ಟುವುದು ಇವಕ್ಕೆ ಆರು ತಿಂಗಳವರೆಗೆ. ಜೀವಕ್ಕೆ ಅಪಾಯ ತರುವಂಥದ್ದು ಅಥವಾ ಕಾಕ್‌ಪಿಟ್‌ಗೆ ನುಗ್ಗುವ ಯತ್ನವಾದರೆ ಕನಿಷ್ಠ ಎರಡು ವರ್ಷ. ಆ ನಿಯಮಗಳಂತೆ ತೀರ್ಮಾನಿಸುತ್ತಿದ್ದುದು ನಿವೃತ್ತ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿ, ಮೂವತ್ತು ದಿನಗಳೊಳಗೆ. ಆ ಸಮಿತಿಯ ಮುಂದೆ ನಮ್ಮ ಸಿಟ್ಟು ನಿಲ್ಲುವುದಿಲ್ಲ, ನಮ್ಮ ಕಾಗದ ನಿಲ್ಲುತ್ತದೆ. "ಅಸಭ್ಯವಾಗಿ ವರ್ತಿಸಿದರು" ಎಂದು ಬರೆದರೆ ಅದು ನನ್ನ ಅಭಿಪ್ರಾಯ. "ಬಲಗೈಯಿಂದ ಆಕೆಯ ಎಡತೋಳನ್ನು ಹಿಡಿದು ಎಳೆದರು, ಬಿಡಿ ಎಂದು ಎರಡು ಸಲ ಹೇಳಿದ ಮೇಲೆ ಬಿಟ್ಟರು" ಎಂದರೆ ಅದು ಘಟನೆ. ಅವರಾಡಿದ ಬೈಗುಳವನ್ನು, ಬರೆಯಲು ನಾಚಿಕೆಯಾದರೂ, ಅಕ್ಷರಶಃ ಬರೆಯುತ್ತೇನೆ. ಸಮಯ, ಸಾಕ್ಷಿಗಳ ಸೀಟಿನ ಸಂಖ್ಯೆ, ಎಚ್ಚರಿಕೆ ಕೊಟ್ಟ ಕ್ರಮ ಎಲ್ಲವೂ ಅದೇ ರಾತ್ರಿ ಕಾಗದಕ್ಕೆ ಇಳಿಯಬೇಕು.

ಪೊಲೀಸ್ ದೂರು ಕೊಡಲು ನಮ್ಮ ಹುಡುಗಿ ಹಿಂಜರಿದಳು: ರಾತ್ರಿಯಿಡೀ ಎಚ್ಚರವಿದ್ದು ಮತ್ತೆ ಠಾಣೆಯಲ್ಲಿ ಕೂರಬೇಕು, ಮನೆಯವರಿಗೆ ತಿಳಿದರೆ ಕೆಲಸ ಬಿಡು ಎನ್ನುತ್ತಾರೆ. ಒತ್ತಾಯಿಸುವ ಹಕ್ಕು ನನಗಿರಲಿಲ್ಲ. ದೂರು ಕೊಡುವುದಾದರೆ ಜೊತೆಗೆ ಬರುತ್ತೇನೆ, ಇಲ್ಲವಾದರೆ ವರದಿಯಲ್ಲಿ ನಿನ್ನ ಹೇಳಿಕೆ ನಿನ್ನ ಮಾತುಗಳಲ್ಲೇ ಇರಲಿ ಎಂದೆ. ಚಹಾ ಕುಡಿದು, ಸ್ವಲ್ಪ ಹೊತ್ತು ಯೋಚಿಸಿ, ಅವಳು ದೂರು ಕೊಡಲು ಹೊರಟಳು, ನಾನೂ ಹೋದೆ.