ಹಳೇ ಫಿಯಟ್‌ನ ಡಿಕ್ಕಿಗೆ ತುಕ್ಕು: ಮೊದಲು ನೀರು ಹುಡುಕಿ, ಆಮೇಲೆ ಬಣ್ಣ

ಡಿಕ್ಕಿಯ ರಬ್ಬರ್ ಮ್ಯಾಟ್ ಎತ್ತಿದಾಗ ಅಡಿಯಲ್ಲಿ 25 ಪೈಸೆಯ ಒಂದು ನಾಣ್ಯ ಸಿಕ್ಕಿತು. ಘೇಂಡಾಮೃಗದ ಚಿತ್ರ ಇತ್ತಲ್ಲ, ಆ ಸ್ಟೀಲ್ ನಾಣ್ಯ. ಲುಂಗಿಯ ಅಂಚಿನಲ್ಲಿ ಒರೆಸಿದರೆ ಹೊಸದರ ಹಾಗೆ ಹೊಳೆಯಿತು. ಅದು ಕೂತಿದ್ದ ತಗಡು ಮಾತ್ರ ಹಪ್ಪಳದಂತೆ ಪದರ ಪದರವಾಗಿ ಎದ್ದಿತ್ತು. ಹೆಬ್ಬೆರಳಲ್ಲಿ ಸ್ವಲ್ಪ ಒತ್ತಿದೆ, ಅಷ್ಟೇ. ತೂತು ಬಿದ್ದು ಕೆಳಗಿನ ಅಂಗಳ ಕಂಡಿತು.

ಇದು ನಮ್ಮ ಮನೆಯ 1983ರ ಪ್ರೀಮಿಯರ್ ಪದ್ಮಿನಿ. ಅಪ್ಪ ಕೊಂಡಿದ್ದು. ಊರಲ್ಲಿ ಈಗಲೂ ಎಲ್ಲರೂ ಅದನ್ನು ಫಿಯಟ್ ಅಂತಲೇ ಕರೆಯುತ್ತಾರೆ. ಅದೂ ಸರಿಯೇ. ಇಟಲಿಯ ಫಿಯಟ್ 1100 ಕಾರನ್ನೇ ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ತಯಾರಿಸುತ್ತಿತ್ತು. 1970ರ ದಶಕದಲ್ಲಿ ಅದಕ್ಕೆ ಪದ್ಮಿನಿ ಎಂಬ ಹೆಸರು ಬಂತು. ಎಂಜಿನ್ನಿನ ಬಿಡಿಭಾಗ ಇವತ್ತಿಗೂ ಹೇಗೋ ಹೊಂದಿಸಬಹುದು. ತಗಡು ಹೋದರೆ ಕಾರೇ ಹೋದ ಹಾಗೆ. ಅದರಲ್ಲೂ ನಮ್ಮ ಉಡುಪಿ ಕಡೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಜೊತೆಗೆ ಕಡಲಿನ ಉಪ್ಪುಗಾಳಿ.

ಆರು ವರ್ಷದ ಹಿಂದೆ ಇದೇ ಡಿಕ್ಕಿಯನ್ನು ಒಂದು ಗ್ಯಾರೇಜಿಗೆ ಕೊಟ್ಟಿದ್ದೆ. ತೂತಿಗೆ ಪುಟ್ಟಿ ತುಂಬಿ, ಮೇಲೆ ಚಂದವಾಗಿ ಬಣ್ಣ ಹೊಡೆದು ಕೊಟ್ಟರು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗುಳ್ಳೆ ಎದ್ದವು. ಗುಳ್ಳೆ ಒಡೆದರೆ ಒಳಗೆ ಕೆಂಪು ನೀರು. ನೀರು ಎಲ್ಲಿಂದ ಬರುತ್ತಿದೆ ಎಂದು ಅವರು ನೋಡಿರಲಿಲ್ಲ, ನಾನೂ ಕೇಳಿರಲಿಲ್ಲ. ಈ ಸಲ ನಾನೇ ಕೈ ಹಾಕಿದೆ. ಮೊದಲ ಎರಡು ದಿನ ಎಮರಿ ಪೇಪರ್ ಮುಟ್ಟಲೇ ಇಲ್ಲ.

ನೀರು ಬರುವ ದಾರಿ

ಡಿಕ್ಕಿಯಲ್ಲಿ ಇರುವುದನ್ನೆಲ್ಲ ಹೊರಗೆ ತೆಗೆಯಿರಿ. ಸ್ಟೆಪ್ನಿ, ಜಾಕ್, ಮ್ಯಾಟ್, ಬದಿಯ ರಟ್ಟು, ಎಲ್ಲ. ನೆಲ ಒಣಗಿದ ಮೇಲೆ ಹಳೇ ನ್ಯೂಸ್‌ಪೇಪರ್ ಹಾಸಿ, ಡಿಕ್ಕಿಯ ಬಾಗಿಲು ಹಾಕಿ, ಪೈಪಿನಲ್ಲಿ ನೀರು ಬಿಡಿ. ಜೋರಾಗಿ ಬೇಡ, ಮಳೆ ಬಿದ್ದ ಹಾಗೆ ಬಿದ್ದರೆ ಸಾಕು. ಕೆಳಗಿನಿಂದ ಶುರು ಮಾಡಬೇಕು. ಮೊದಲು ಟೇಲ್ ಲೈಟಿನ ಸುತ್ತ ಐದು ನಿಮಿಷ, ತೆರೆದು ನೋಡಿ. ಆಮೇಲೆ ನಂಬರ್ ಪ್ಲೇಟಿನ ಲೈಟು, ಬೀಗ, ಬಾಗಿಲಿನ ಸುತ್ತಲಿನ ಸಂದು. ಕೊನೆಗೆ ಹಿಂದಿನ ಗಾಜಿನ ರಬ್ಬರ್. ಎಲ್ಲ ಕಡೆ ಒಟ್ಟಿಗೆ ನೀರು ಹೊಡೆದರೆ ಏನೂ ಗೊತ್ತಾಗುವುದಿಲ್ಲ.

ಪೇಪರ್ ಎಲ್ಲಿ ಒದ್ದೆಯಾಗಿದೆಯೋ ಅಲ್ಲೇ ಸೋರಿಕೆ ಅಂದುಕೊಳ್ಳಬೇಡಿ. ನೀರು ಒಂದು ಕಡೆ ನುಗ್ಗಿ, ತಗಡಿನ ಮಡಿಕೆ ಹಿಡಿದು ಹರಿದು, ಇನ್ನೆಲ್ಲೋ ತೊಟ್ಟಿಕ್ಕುತ್ತದೆ. ಟಾರ್ಚ್ ಹಿಡಿದು ಹನಿಯ ಜಾಡಿನಲ್ಲಿ ಮೇಲಕ್ಕೆ ಹುಡುಕಿಕೊಂಡು ಹೋಗಬೇಕು.

ಬಾಗಿಲಿನ ಬೀಡಿಂಗ್ ರಬ್ಬರಿಗೆ ಬೇರೆಯೇ ಪರೀಕ್ಷೆ ಇದೆ. ರಬ್ಬರಿಗೆ ತಾಗುವ ಲೋಹದ ಅಂಚಿಗೆ ಬಳಪ ಉಜ್ಜಿ. ಬಾಗಿಲು ಮುಚ್ಚಿ ತೆರೆಯಿರಿ. ರಬ್ಬರಿನ ಮೇಲೆ ಬಿಳಿ ಗೆರೆ ಎಲ್ಲೂ ತುಂಡಾಗದೆ ಮೂಡಬೇಕು. ನಮ್ಮ ಕಾರಿನಲ್ಲಿ ಎಡಮೂಲೆಯಲ್ಲಿ ಒಂದು ಗೇಣಷ್ಟು ಗೆರೆಯೇ ಇರಲಿಲ್ಲ. ನಾಣ್ಯ ಸಿಕ್ಕಿದ್ದೂ ಅದೇ ಮೂಲೆಯಲ್ಲಿ. ಅಲ್ಲಿಂದ ಇಳಿದ ನೀರು ಹೊರಗೆ ಹೋಗಲು ತಳದಲ್ಲಿ ತೂತು ಇತ್ತು, ಆದರೆ ಹಿಂದಿನ ಸಲ ಅದಕ್ಕೂ ಪುಟ್ಟಿ ಮೆತ್ತಿದ್ದರು. ಮೇಲೆ ಮ್ಯಾಟ್ ಬೇರೆ. ನಾಲ್ಕು ತಿಂಗಳ ಮಳೆಗೆ ನಿಂತ ನೀರು ಆರುವ ದಾರಿಯೇ ಇರಲಿಲ್ಲ.

ಹಳೇ ರಬ್ಬರನ್ನು ಗಮ್ ಹಾಕಿ ಮತ್ತೆ ಅಂಟಿಸುವ ಆಸೆ ಬೇಡ. ಹೊಸ ಬೀಡಿಂಗ್ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಹಳೆಯದರ ಒಂದು ತುಂಡು ಕತ್ತರಿಸಿ ಅಂಗಡಿಗೆ ಒಯ್ದು, ಅದೇ ಆಕಾರದ್ದು ತನ್ನಿ. ಟೇಲ್ ಲೈಟಿನ ಗ್ಯಾಸ್ಕೆಟ್ ಕೂಡ ಹಾಗೆಯೇ.

ಕೆರೆಯುವ ಕೆಲಸ

ಮೊದಲು ಬ್ಯಾಟರಿ ಕಳಚಿ. ಪೆಟ್ರೋಲ್ ಟ್ಯಾಂಕ್ ಡಿಕ್ಕಿಗೆ ತಾಗಿಕೊಂಡೇ ಇದೆ ಎಂಬುದು ಪ್ರತಿ ಕ್ಷಣ ನೆನಪಿರಲಿ. ಗ್ರೈಂಡರಿನಿಂದ ಕಿಡಿ ಹಾರುತ್ತದೆ. ಸ್ವಲ್ಪ ಪೆಟ್ರೋಲ್ ವಾಸನೆ ಬಂದರೂ ಕೆಲಸ ನಿಲ್ಲಿಸಿ, ಟ್ಯಾಂಕ್ ಇಳಿಸದೆ ಮುಂದುವರಿಯಬೇಡಿ. ಕನ್ನಡಕ, ಕೈಗವಸು, ಒಳ್ಳೆಯ ಮಾಸ್ಕ್ ಬೇಕೇ ಬೇಕು. ಹಳೇ ಪೇಂಟಿನಲ್ಲಿ ಸೀಸ ಇರಬಹುದು. ಬಣ್ಣದ ಮೇಲೆ ಉಜ್ಜುವಾಗ ವಾಟರ್ ಪೇಪರ್ ಹಿಡಿದು ಒದ್ದೆಯಾಗಿಯೇ ಉಜ್ಜಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಸ್ಕ್ರೂಡ್ರೈವರಿನ ಹಿಡಿಯಿಂದ ತಳವನ್ನೆಲ್ಲ ಬಡಿದು ನೋಡಿ. ಗಟ್ಟಿ ತಗಡು ಟಣ್ ಅನ್ನುತ್ತದೆ. ತಿಂದುಹೋದದ್ದು ಒಡೆದ ಮಡಕೆಯ ಹಾಗೆ ಮಂಕಾಗಿ ಸದ್ದು ಮಾಡುತ್ತದೆ. ಮಂಕು ಸದ್ದಿನ ಕಡೆಯೆಲ್ಲ ಬಳಪದಲ್ಲಿ ಗುರುತು ಹಾಕಿ.

ಮೇಲ್ಮೇಲೆ ಕೆಂಪಾಗಿದ್ದರೆ 120 ನಂಬರ್ ಎಮರಿ, ಆಮೇಲೆ 220 ಸಾಕು. ಪದರ ಎದ್ದಿದ್ದರೆ ಮೊದಲು ಸ್ಕ್ರೇಪರಿನಲ್ಲಿ ಕಿತ್ತು, ನಂತರ ತಂತಿ ಬ್ರಷ್ ಹಾಕಿ. ತುಕ್ಕು ಪೇಂಟಿನ ಅಡಿಯಲ್ಲಿ ಹರಡುತ್ತದೆ. ಹಾಗಾಗಿ ಕಲೆ ಎಲ್ಲಿ ಮುಗಿಯಿತೋ ಅಲ್ಲಿಂದ ಇನ್ನೂ ನಾಲ್ಕು ಬೆರಳು ಆಚೆಯವರೆಗೆ ಒಳ್ಳೆಯ ಬಣ್ಣವನ್ನೂ ತೆಗೆಯಿರಿ. ಉಳಿದ ಬಣ್ಣದ ಅಂಚನ್ನು ಎಷ್ಟು ಸವೆಸಬೇಕೆಂದರೆ, ಕಣ್ಣು ಮುಚ್ಚಿ ಬೆರಳು ಆಡಿಸಿದರೆ ಮೆಟ್ಟಿಲು ತಾಗಬಾರದು.

ತೂತು ಬಿದ್ದಲ್ಲಿ ಪುಟ್ಟಿ ಹಾಕುವುದನ್ನು ನಾನು ಒಪ್ಪುವುದಿಲ್ಲ. ಪುಟ್ಟಿ ನೀರು ಹೀರುತ್ತದೆ. ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ತೆಗೆದು, ಹೊಸ ತುಂಡು ಬೆಸೆಯುವುದೇ ದಾರಿ. ಇದನ್ನು ಟಿಂಕರಿಂಗ್ ಬಲ್ಲವರಿಂದಲೇ ಮಾಡಿಸಿ. 20 ಗೇಜ್ ಶೀಟ್, ಅಂದರೆ ಸುಮಾರು 0.9 ಮಿಲಿಮೀಟರ್ ದಪ್ಪದ್ದು ಸಾಕಾಗುತ್ತದೆ. ಗೇಟಿಗೆ ಮಾಡುವ ರಾಡ್ ವೆಲ್ಡಿಂಗ್ ಇಷ್ಟು ತೆಳು ತಗಡನ್ನು ಸುಟ್ಟು ಇನ್ನೊಂದು ತೂತು ಮಾಡುತ್ತದೆ. ಸಿಒ2 ವೆಲ್ಡಿಂಗ್ (ಗ್ಯಾಸಿನ ಮರೆಯಲ್ಲಿ ತೆಳು ತಂತಿ ಕರಗಿಸಿ ಬೆಸೆಯುವುದು) ಇರುವ ಕಡೆ ಹೋಗಿ, ಚುಕ್ಕಿ ಚುಕ್ಕಿಯಾಗಿ, ನಡುವೆ ತಣಿಯಲು ಬಿಟ್ಟು ಹಾಕಿಸಿ. ವೆಲ್ಡಿಂಗಿಗೆ ಮೊದಲು ಟ್ಯಾಂಕ್ ಇಳಿಸಿ ದೂರ ಇಡಲೇಬೇಕು. ಇದರಲ್ಲಿ ರಾಜಿ ಇಲ್ಲ.

ಬಾಳೆಕಾಯಿಯ ಕಪ್ಪು

ಎಷ್ಟೇ ಉಜ್ಜಿದರೂ ತಗಡಿನ ಗುಳಿಗಳಲ್ಲಿ ಸಾಸಿವೆ ಕಾಳಿನಂಥ ಚುಕ್ಕೆಗಳು ಉಳಿಯುತ್ತವೆ. ಅವು ಹೋಗಲೆಂದು ಉಜ್ಜುತ್ತಲೇ ಇದ್ದರೆ ತಗಡೇ ಮುಗಿದುಹೋಗುತ್ತದೆ. ಅಲ್ಲಿಗೆ ರಸ್ಟ್ ಕನ್ವರ್ಟರ್, ಅಂದರೆ ತುಕ್ಕನ್ನೇ ಬದಲಿಸುವ ದ್ರವ ಬೇಕು. ಬಾಳೆಕಾಯಿ ಹೆಚ್ಚಿದರೆ ಕಬ್ಬಿಣದ ಮೆಟ್ಟುಕತ್ತಿ ಕಪ್ಪಾಗುತ್ತದೆ, ಅಲ್ವಾ? ಬಾಳೆಕಾಯಿಯ ಒಗರು ಅಂದರೆ ಟ್ಯಾನಿನ್. ಅದು ಕಬ್ಬಿಣದ ಜೊತೆ ಸೇರಿ ಆ ಕಪ್ಪು ಹುಟ್ಟುತ್ತದೆ. ಕೆಲವು ಕನ್ವರ್ಟರ್‌ಗಳಲ್ಲಿ ಇರುವುದೂ ಟ್ಯಾನಿಕ್ ಆಸಿಡ್. ಕೆಂಪು ತುಕ್ಕನ್ನು ಅದು ಗಟ್ಟಿ ಕಪ್ಪು ಪದರವಾಗಿ ಬದಲಿಸುತ್ತದೆ. ಇನ್ನು ಕೆಲವದರಲ್ಲಿ ಫಾಸ್ಫಾರಿಕ್ ಆಸಿಡ್ ಇರುತ್ತದೆ. ಅದರ ಉಳಿಕೆಯನ್ನು ಡಬ್ಬಿಯಲ್ಲಿ ಹೇಳಿದ ಹಾಗೆ ತೊಳೆದು ಒಣಗಿಸದಿದ್ದರೆ ಮೇಲಿನ ಪ್ರೈಮರ್ ಹಿಡಿಯುವುದಿಲ್ಲ. ದಪ್ಪ ಪದರದ ತುಕ್ಕಿನ ಮೇಲೆ ಕನ್ವರ್ಟರ್ ಸುರಿದು ಪ್ರಯೋಜನವಿಲ್ಲ. ಮೇಲಿನದು ಮಾತ್ರ ಕಪ್ಪಾಗಿ, ಅಡಿಯದು ಹಾಗೇ ಉಳಿಯುತ್ತದೆ.

ಇಲ್ಲಿಂದ ಮುಂದೆ ತಡ ಮಾಡಬಾರದು. ಕೆರೆದ ತಗಡು ನಮ್ಮ ಹವೆಯಲ್ಲಿ ರಾತ್ರಿ ಬೆಳಗಾಗುವುದರೊಳಗೆ ಮತ್ತೆ ಕೆಂಪಾಗುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ, ಬೆವರಿನ ಗುರುತಿನಲ್ಲೂ ತುಕ್ಕು ಏಳುತ್ತದೆ. ಥಿನ್ನರ್ ಅದ್ದಿದ ಬಟ್ಟೆಯಲ್ಲಿ ಒರೆಸಿ, ಅದೇ ದಿನ ಎಪಾಕ್ಸಿ ಪ್ರೈಮರ್ ಹಚ್ಚಿ. ಗೇಟಿಗೆ ಬಳಿಯುವ ರೆಡ್ ಆಕ್ಸೈಡ್ ಅಗ್ಗ, ನಿಜ. ಆದರೆ ಕರಾವಳಿಯ ಕಾರಿಗೆ ಅದೊಂದನ್ನೇ ನಂಬುವ ಧೈರ್ಯ ನನಗಿಲ್ಲ. ಎಪಾಕ್ಸಿಯಲ್ಲಿ ಎರಡು ಡಬ್ಬಿ ಬೆರೆಸಬೇಕು. ಅಳತೆ ಕಣ್ಣಂದಾಜು ಬೇಡ. ಡಿಕ್ಕಿಯ ಒಳಗೆ ಬ್ರಷ್‌ನಲ್ಲೇ ಹಚ್ಚಬಹುದು, ಮೂಲೆ ಮಡಿಕೆಗೆ ಅದೇ ಚೆನ್ನಾಗಿ ಇಳಿಯುತ್ತದೆ. ವೆಲ್ಡಿಂಗ್ ಆದ ಕಡೆ ಕಾರಿನ ಅಡಿಯಿಂದಲೂ ಹಚ್ಚಿ, ಅಲ್ಲಿನ ಬಣ್ಣ ಸುಟ್ಟಿರುತ್ತದೆ.

ಒಂದು ದಿನ ಬಿಟ್ಟು ತಗಡುಗಳ ಜೋಡಣೆಗೆ ಪಿಯು (ಪಾಲಿಯುರೆಥೇನ್) ಸೀಲೆಂಟ್ ಎಳೆಯಿರಿ. ಬಾತ್‌ರೂಮಿನ ಸಿಲಿಕೋನ್ ಬೇಡ. ವಿನೆಗರ್ ವಾಸನೆ ಬರುವ ಆ ಸಿಲಿಕೋನಿನ ಆಸಿಡ್ ಕಬ್ಬಿಣ ತಿನ್ನುತ್ತದೆ, ಅದರ ಮೇಲೆ ಪೇಂಟೂ ನಿಲ್ಲುವುದಿಲ್ಲ. ಸಣ್ಣ ತಗ್ಗುಗಳಿಗೆ ಪುಟ್ಟಿ ಬೇಕಿದ್ದರೆ ಈಗ, ಎಪಾಕ್ಸಿಯ ಮೇಲೆ, ತೆಳುವಾಗಿ.

ಬಣ್ಣದ ದಿನ

ನಮ್ಮ ಕಡೆ ಪೇಂಟಿಂಗಿಗೆ ಡಿಸೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ, ಅದೂ ಇಬ್ಬನಿ ಆರಿದ ಮೇಲೆ. ಎನ್‌ಸಿ ಪೇಂಟ್ (ನೈಟ್ರೋಸೆಲ್ಯುಲೋಸ್, ಥಿನ್ನರ್ ಆರಿದರೆ ಒಣಗುವ ಬಣ್ಣ) ಬಳಸುವವರಿಗೆ ಇದು ಬಹಳ ಮುಖ್ಯ. ಅದರ ಥಿನ್ನರ್ ಬೇಗ ಆವಿಯಾಗಿ ತಗಡನ್ನು ತಣ್ಣಗೆ ಮಾಡುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಅದು ಬಂದು ಕೂತು ಬಣ್ಣದ ಮೇಲೆ ಬಿಳಿ ಮಬ್ಬು ಕಟ್ಟುತ್ತದೆ. ಕಂಪ್ರೆಸರಿನಲ್ಲೂ ನೀರು ಸೇರಿರುತ್ತದೆ, ಶುರು ಮಾಡುವ ಮೊದಲು ಅದನ್ನು ಬಸಿಯಿರಿ.

ಪಿಯು ಪೇಂಟ್ ಹೆಚ್ಚು ಬಾಳುತ್ತದೆ, ಹೊಳಪೂ ಜಾಸ್ತಿ. ಆದರೆ ಬಣ್ಣ ಗಟ್ಟಿಯಾಗಲು ಬೆರೆಸುವ ಹಾರ್ಡನರಿನಲ್ಲಿ ಐಸೋಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಸ್ಪ್ರೇ ಮಾಡುವಾಗ ಅದು ಶ್ವಾಸಕೋಶಕ್ಕೆ ಅಪಾಯ, ಸಾಮಾನ್ಯ ಮಾಸ್ಕ್ ಸಾಲದು. ಪಿಯು ಬೇಕಿದ್ದರೆ ಬಾಗಿಲು ಕಳಚಿ ಸ್ಪ್ರೇ ಬೂತ್ (ಪೇಂಟಿಂಗಿಗೆಂದೇ ಇರುವ ಮುಚ್ಚಿದ ಕೋಣೆ) ಇರುವ ಪೇಂಟರಿಗೆ ಕೊಡಿ. ನಾನು ಎನ್‌ಸಿಯನ್ನೇ ಆರಿಸಿದೆ. ಅಡಿಯಲ್ಲಿದ್ದ ಹಳೇ ಬಣ್ಣವೂ ಅದೇ. ಥಿನ್ನರ್ ಬಟ್ಟೆಯಲ್ಲಿ ಮರೆಯ ಜಾಗದಲ್ಲಿ ಉಜ್ಜಿದಾಗ ಬಣ್ಣ ಬಟ್ಟೆಗೆ ಕರಗಿ ಬಂತು, ಅದರಿಂದ ಗೊತ್ತಾಯಿತು. ಬಣ್ಣ ಸುಕ್ಕುಗಟ್ಟಿ ಎದ್ದರೆ ಅಡಿಯಲ್ಲಿರುವುದು ಎನಾಮೆಲ್. ಅದರ ಮೇಲೆ ಎನ್‌ಸಿ ಹೊಡೆದರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ.

ಬಣ್ಣ ಹೊಂದಿಸಲು ಬಿಸಿಲಿಗೆ ಬಿಳಚಿದ ಮೇಲ್ಭಾಗ ತೋರಿಸಬೇಡಿ. ಡಿಕ್ಕಿಯ ರಬ್ಬರಿನ ಅಡಿಯಲ್ಲಿ ಕಾರು ಹೊಸದಿದ್ದಾಗಿನ ಬಣ್ಣ ಹಾಗೇ ಇರುತ್ತದೆ. ನಮ್ಮದು ತೆಳು ನೀಲಿ. ನನಗೆ ನೆನಪಿದ್ದದ್ದಕ್ಕಿಂತ ಎಷ್ಟೋ ಗಾಢವಾಗಿತ್ತು.

ಪ್ರೈಮರನ್ನು 400 ನಂಬರಿನಲ್ಲಿ ನೀರು ಹಾಕಿ ಉಜ್ಜಿ, ಒಣಗಿಸಿ. ಗಾಜು, ಬಂಪರಿಗೆ ಎರಡು ಪದರ ಪೇಪರ್ ಅಂಟಿಸಿ, ಒಂದೇ ಪದರವಾದರೆ ಥಿನ್ನರ್ ಇಳಿಯುತ್ತದೆ. ಸ್ಪ್ರೇ ಗನ್ ಒಂದು ಗೇಣು ದೂರದಲ್ಲಿರಲಿ. ತಗಡಿನ ಅಂಚಿಗಿಂತ ಮೊದಲೇ ಒತ್ತಿ, ಅಂಚು ದಾಟಿದ ಮೇಲೆ ಬಿಡಿ. ಪ್ರತಿ ಸಾಲು ಹಿಂದಿನ ಸಾಲನ್ನು ಅರ್ಧ ಮುಚ್ಚಬೇಕು. ತೆಳುವಾಗಿ ಐದಾರು ಕೋಟು, ನಡುವೆ ಹತ್ತು ಹದಿನೈದು ನಿಮಿಷ. ದಪ್ಪ ಹೊಡೆದರೆ ಇಳಿದು ಕಣ್ಣೀರು ಕಟ್ಟುತ್ತದೆ.

ಪಾಲಿಶಿಗೆ ಎರಡು ವಾರ ಕಾಯಿರಿ. ಆಮೇಲೆ 2000 ನಂಬರ್, ರಬ್ಬಿಂಗ್ ಕಾಂಪೌಂಡ್. ಹೊಸ ಬೀಡಿಂಗ್ ಕೂಡ ಒಂದು ವಾರ ಬಿಟ್ಟೇ ಹಾಕಿ. ಅಲ್ಲಿಯವರೆಗೆ ಬಾಗಿಲನ್ನು ಒಂದು ಕೋಲಿನಿಂದ ಎತ್ತಿ ಇಡಿ, ಇಲ್ಲದಿದ್ದರೆ ಹಸಿ ಬಣ್ಣ ರಬ್ಬರಿಗೆ ಅಂಟಿ ಕಿತ್ತು ಬರುತ್ತದೆ. ಬಾಗಿಲಿನ ಒಳಚೌಕಟ್ಟಿನ ತೂತುಗಳಿಂದ ಕ್ಯಾವಿಟಿ ವ್ಯಾಕ್ಸ್ (ಟೊಳ್ಳು ಜಾಗಗಳಲ್ಲಿ ತುಕ್ಕು ತಡೆಯುವ ಮೇಣ) ಸ್ಪ್ರೇ ಮಾಡಲು ಮರೆಯಬೇಡಿ. ಕೈ ಹೋಗದ ಆ ಮಡಿಕೆಗಳಲ್ಲೇ ತುಕ್ಕು ಮತ್ತೆ ಶುರುವಾಗುವುದು. ತಳದ ತೂತುಗಳು ತೆರೆದಿವೆಯೇ ಎಂದು ತಂತಿ ಹಾಕಿ ನೋಡಿ.

ಮಳೆ ಹಿಡಿದ ಮೊದಲ ವಾರ ಡಿಕ್ಕಿಯಲ್ಲಿ ಮ್ಯಾಟ್ ಹಾಕಲಿಲ್ಲ. ಮತ್ತೆ ನ್ಯೂಸ್‌ಪೇಪರ್ ಹಾಸಿ, ಕಾರನ್ನು ಬೇಕೆಂದೇ ಅಂಗಳದಲ್ಲಿ ನಿಲ್ಲಿಸಿದೆ. ಮೂರು ದಿನ ಬಿಡದೆ ಸುರಿಯಿತು. ನಾಲ್ಕನೇ ದಿನ ತೆರೆದು ನೋಡಿದರೆ ಎಡಮೂಲೆಯ ಪೇಪರ್ ಗರಿಗರಿಯಾಗಿತ್ತು. ಬಲಗಡೆ ಟೇಲ್ ಲೈಟಿನ ಕೆಳಗೆ ಮಾತ್ರ ಒಂದು ರೂಪಾಯಿಯಷ್ಟು ಅಗಲ ಒದ್ದೆ. ಲೈಟಿನ ಸ್ಕ್ರೂ ಅರ್ಧ ಸುತ್ತು ಬಿಗಿ ಮಾಡಿ, ಆ ಜಾಗಕ್ಕೆ ಹೊಸ ಪೇಪರ್ ಹಾಸಿದೆ.